ಜಠರದ ಹುಣ್ಣು ಮತ್ತು ಆಮ್ಲಶಾಮಕ ಔಷಧಗಳು



ಉಂಡ ಅನ್ನವನ್ನು ಅರಗಿಸುವ ಶಕ್ತಿಯನ್ನು ನಮ್ಮ ಹಿರಿಯರು ಜಠರಾಗ್ನಿಯೆಂದು ಕರೆದರು. ಹೊಟ್ಟೆಯೊಳಗೆ ಜ್ವಾಲೆಯೇನೂ ಉರಿಯುತ್ತಿರುವುದಿಲ್ಲವೆಂಬುದನ್ನು ಅವರೂ ಬಲ್ಲರು. ಆದರೂ ಆ ಹೆಸರಿನಲ್ಲಿ ಒಂದು ಔಚಿತ್ಯವಿದೆ. ಬೆಂಕಿ ಒಲೆಯಲ್ಲಿರುವವರೆಗೆ ಅಡಿಗೆಯಾಗುತ್ತದೆ. ಒಲೆಯ ಗೋಡೆ ಬಿರಿದರೆ ಅದೇ ಬೆಂಕಿ ಮನೆಯನ್ನು ಸುಡುತ್ತದೆ. ಜಠರದಲ್ಲಿ ಹುಣ್ಣಾದಾಗ ವಿಚಾರಿಸಬೇಕಾದ ಪ್ರಶ್ನೆಯೂ ಇದೇ: ಬೆಂಕಿ ಹೆಚ್ಚಾಯಿತೇ, ಒಲೆ ಒಡೆಯಿತೇ? ಸುಮಾರು ಒಂದು ಶತಮಾನದಷ್ಟು ಕಾಲ ವೈದ್ಯಲೋಕ ಬೆಂಕಿಯ ಕಡೆಗೇ ಹೆಚ್ಚು ಗಮನವಿತ್ತಿತು. ಬೆಂಕಿಯನ್ನು ತಗ್ಗಿಸುವ ಉತ್ತಮೋತ್ತಮ ಔಷಧಗಳನ್ನು ಕಂಡುಹಿಡಿಯಿತು. ಆ ಔಷಧಗಳು ಏನು ಮಾಡುತ್ತವೆ, ಏನನ್ನು ಮಾಡಲಾರವು ಎಂಬುದೇ ಇಂದಿನ ನನ್ನ ಭಾಷಣದ ವಿಷಯ.

ನಾನು ವೈದ್ಯನಲ್ಲ; ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುವವನು. ಆದಕಾರಣ ಯಾರು ಯಾವ ಮಾತ್ರೆಯನ್ನು ನುಂಗಬೇಕೆಂದು ವಿಧಿಸುವ ಅಧಿಕಾರ ನನಗಿಲ್ಲ. ಆದರೆ ಆಮ್ಲ, ಕ್ಷಾರ ಇವುಗಳ ವ್ಯವಹಾರ ನಮ್ಮ ಶಾಸ್ತ್ರಕ್ಕೆ ಸೇರಿದ್ದು. ಇಂದು ನಮ್ಮ ಪಟ್ಟಣಗಳಲ್ಲಿ ಔಷಧದ ಅಂಗಡಿಗೆ ಹೋಗಿ, ಚೀಟಿಯಿಲ್ಲದೆಯೇ, “ಗ್ಯಾಸ್ಟ್ರಿಕ್‌ಗೆ ಒಂದು ಮಾತ್ರೆ ಕೊಡಿ” ಎಂದು ಕೇಳಿ ಪಡೆಯುವ ಪದ್ಧತಿ ಮನೆಮನೆಯಲ್ಲಿಯೂ ಬಳಕೆಗೆ ಬಂದಿರುವುದರಿಂದ, ಆ ಮಾತ್ರೆಯೊಳಗಿನ ರಸಾಯನವನ್ನು ತಿಳಿದುಕೊಳ್ಳುವುದು ಓದಿದವರೆಲ್ಲರ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಮೊದಲು ಆಮ್ಲದ ವಿಚಾರ. ಜಠರದಲ್ಲಿ ಊರುವ ಹುಳಿರಸ ಯಾವುದೆಂಬುದನ್ನು 1823ರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟ್ ಎಂಬ ವೈದ್ಯರು ತೋರಿಸಿಕೊಟ್ಟರು. ಅದು ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲವೇ. ಅದೇ ಕಾಲದಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಬಂದೂಕಿನ ಏಟು ತಗುಲಿ ಹೊಟ್ಟೆ ಸೀಳಿತು. ಗಾಯ ವಾಸಿಯಾದರೂ ಜಠರಕ್ಕೆ ಆದ ರಂಧ್ರ ಮುಚ್ಚಿಕೊಳ್ಳಲಿಲ್ಲ. ಅವನಿಗೆ ಚಿಕಿತ್ಸೆ ಮಾಡಿದ ಸೈನ್ಯದ ವೈದ್ಯ ವಿಲಿಯಂ ಬೋಮಾಂಟರು, ಆ ರಂಧ್ರದ ಮೂಲಕ ಆಹಾರವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಅದು ಎಷ್ಟು ಹೊತ್ತಿಗೆ ಕರಗುತ್ತದೆಂದು ನೋಡಿದರು. ರಸವನ್ನು ಹೊರತೆಗೆದು ಸೀಸೆಯಲ್ಲಿಟ್ಟು, ಅದರಲ್ಲಿಯೂ ಮಾಂಸ ಕರಗುವುದನ್ನು ಕಂಡರು. 1833ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಇಂತಹ ಇನ್ನೂರಕ್ಕೂ ಮಿಕ್ಕ ಪ್ರಯೋಗಗಳ ವಿವರವಿದೆ. ಜೀರ್ಣಕ್ರಿಯೆ ಬಹುಮಟ್ಟಿಗೆ ಒಂದು ರಾಸಾಯನಿಕ ಕ್ರಿಯೆಯೆಂಬುದು ಅಂದಿನಿಂದ ಸಿದ್ಧವಾಯಿತು.

ಆರೋಗ್ಯವಂತನ ಜಠರದಲ್ಲಿ ದಿನವೊಂದಕ್ಕೆ ಸುಮಾರು 2 ಲೀಟರಿನಷ್ಟು ರಸ ಊರುತ್ತದೆ. ಆಮ್ಲವನ್ನು ಸ್ರವಿಸುವ ಜೀವಕಣಗಳು ಸುಮಾರು 100 ಕೋಟಿ ಇವೆ. ಅವು ಹೊರಚೆಲ್ಲುವ ರಸದಲ್ಲಿ ಹುಳಿಯ ಅಂಶ ನಮ್ಮ ರಕ್ತದಲ್ಲಿರುವುದಕ್ಕಿಂತ 10 ಲಕ್ಷ ಪಟ್ಟಿಗೂ ಹೆಚ್ಚು. ಇದರ ಜೊತೆಗೆ ಮಾಂಸವನ್ನು ಒಡೆಯುವ ಪೆಪ್ಸಿನ್ ಎಂಬ ಕಿಣ್ವವೂ ಇದೆ. ಆಮ್ಲವಿದ್ದಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಹೀಗಿರಲು ಮಾಂಸವನ್ನು ಕರಗಿಸುವ ಜಠರ ತನ್ನನ್ನು ತಾನೇ ಏಕೆ ಕರಗಿಸಿಕೊಳ್ಳುವುದಿಲ್ಲ? ಜಠರದ ಒಳಮೈಗೆ ಲೋಳೆಯ ಒಂದು ಹೊದಿಕೆಯಿದೆ. ಆ ಲೋಳೆಯ ಅಡಿಯಲ್ಲಿ ಜೀವಕಣಗಳು ಬೈಕಾರ್ಬೊನೇಟ್ ಎಂಬ ಕ್ಷಾರವನ್ನು ಸದಾ ಒಸರುತ್ತಿರುತ್ತವೆ. ಮೇಲಿನಿಂದ ಇಳಿಯುವ ಆಮ್ಲವೂ ಕೆಳಗಿನಿಂದ ಏರುವ ಕ್ಷಾರವೂ ಲೋಳೆಯ ನಡುವೆ ಸಂಧಿಸಿ ಶಾಂತವಾಗುತ್ತವೆ. ಮೇಲ್ಪದರದ ಕಣಗಳು ಸವೆದಂತೆಲ್ಲಾ ಕೆಲವೇ ದಿನಗಳಲ್ಲಿ ಹೊಸವು ಹುಟ್ಟಿ ಅವುಗಳ ಸ್ಥಾನವನ್ನು ತುಂಬುತ್ತವೆ. ಒಲೆಯ ಗೋಡೆಯೆಂದು ನಾನು ಹೇಳಿದ್ದು ಈ ರಕ್ಷಣೆಯನ್ನೇ.

ಈ ರಕ್ಷಣೆ ಒಂದೆಡೆ ಕುಸಿದಾಗ ಆಮ್ಲವೂ ಪೆಪ್ಸಿನ್ನೂ ಆ ಎಡೆಯನ್ನು ಕೊರೆಯುತ್ತವೆ. ಹೀಗಾದ ಕುಳಿಯೇ ಹುಣ್ಣು. ಅದು ಜಠರದಲ್ಲಿಯೇ ಆಗಬಹುದು. ಜಠರದಿಂದ ಮುಂದಕ್ಕೆ ಹನ್ನೆರಡು ಬೆರಳಗಲದಷ್ಟು ಉದ್ದವಿರುವ, ಡ್ಯುಯೋಡಿನಮ್ ಎಂಬ ಸಣ್ಣ ಕರುಳಿನ ಮೊದಲ ಭಾಗದಲ್ಲಿಯೂ ಆಗಬಹುದು. ಎರಡನೆಯ ಬಗೆಯ ಹುಣ್ಣಿನಲ್ಲಿ ನೋವು ಬರುವುದು ಹೆಚ್ಚಾಗಿ ಹೊಟ್ಟೆ ಬರಿದಾದಾಗ, ವಿಶೇಷವಾಗಿ ನಡುರಾತ್ರಿಯ ಮೇಲೆ. ಏನಾದರೂ ತಿಂದೊಡನೆ ಅದು ತಗ್ಗುತ್ತದೆ. ಮಾಧವನಿದಾನದಲ್ಲಿ ಅಮ್ಲಪಿತ್ತವೆಂಬ ರೋಗವನ್ನೂ, ಉಂಡ ಆಹಾರ ಪಕ್ವವಾಗುವ ಸಮಯದಲ್ಲಿ ತಲೆದೋರುವ ಪರಿಣಾಮಶೂಲವೆಂಬ ನೋವನ್ನೂ ಬೇರೆಬೇರೆಯಾಗಿಯೇ ವರ್ಣಿಸಿದ್ದಾರೆ. ಊಟಕ್ಕೂ ನೋವಿಗೂ ಇರುವ ಹೊತ್ತಿನ ಸಂಬಂಧವನ್ನು ನಮ್ಮ ವೈದ್ಯರು ಸಾವಿರ ವರ್ಷಗಳಿಗೂ ಹಿಂದೆಯೇ ಗಮನಿಸಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅವರು ಅಮ್ಲಪಿತ್ತಕ್ಕೆ ಕೊಡುತ್ತಿದ್ದ ಶಂಖಭಸ್ಮವಾದರೂ ಸುಣ್ಣದ ಜಾತಿಯ ಒಂದು ಕ್ಷಾರವೇ.

ಯೂರೋಪಿನಲ್ಲಿ 1910ರಲ್ಲಿ ಕಾರ್ಲ್ ಶ್ವಾರ್ಟ್ಸ್ ಎಂಬ ಶಸ್ತ್ರವೈದ್ಯರು, ಆಮ್ಲವಿಲ್ಲದೆಡೆಯಲ್ಲಿ ಹುಣ್ಣಿಲ್ಲವೆಂಬ ಸೂತ್ರವನ್ನು ಮಂಡಿಸಿದರು. ಈ ಮಾತು ಸತ್ಯವೇ. ಆದರೆ ಅದರಿಂದ, ಆಮ್ಲವಿರುವುದೇ ಹುಣ್ಣಿಗೆ ಕಾರಣವೆಂದು ತೀರ್ಮಾನಿಸಲಾಗದು. ನೀರಿಲ್ಲದೆ ಕೆರೆಯ ಏರಿ ಒಡೆಯುವುದಿಲ್ಲ; ಹಾಗೆಂದು ಏರಿ ಒಡೆದ ಪ್ರತಿಯೊಂದು ಸಲವೂ ನೀರನ್ನೇ ದೂರುತ್ತ ಕೂತರೆ, ಏರಿಯಲ್ಲಿ ಬಿಲ ತೋಡಿದ ಹೆಗ್ಗಣವನ್ನು ಹಿಡಿಯುವವರಾರು? ಶ್ವಾರ್ಟ್ಸರ ಸೂತ್ರ ಜನಪ್ರಿಯವಾದ ಮೇಲೆ ಚಿಕಿತ್ಸೆಯೆಲ್ಲಾ ನೀರನ್ನು ತಗ್ಗಿಸುವುದರಲ್ಲಿಯೇ ತೊಡಗಿತು.

1915ರಲ್ಲಿ ಅಮೆರಿಕದ ಷಿಕಾಗೋ ನಗರದ ಬರ್ಟ್ರಮ್ ಸಿಪ್ಪಿ ಎಂಬ ವೈದ್ಯರು ಒಂದು ಕ್ರಮವನ್ನು ಬಳಕೆಗೆ ತಂದರು. ರೋಗಿಗೆ ಹಗಲೆಲ್ಲಾ ಗಂಟೆಗೊಮ್ಮೆ ಹಾಲೂ ಕೆನೆಯೂ. ಅವುಗಳ ನಡುನಡುವೆ ಸೋಡ, ಮೆಗ್ನೀಷಿಯ, ಸುಣ್ಣ ಮೊದಲಾದ ಕ್ಷಾರಗಳ ಪುಡಿ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ನಮ್ಮ ಗಾದೆ ಕಡಲಾಚೆ ಅಕ್ಷರಶಃ ಆಚರಣೆಗೆ ಬಂದಂತಾಯಿತು. ಈ ಕ್ರಮ ಹಲವು ದಶಕಗಳ ಕಾಲ ನಡೆಯಿತು. ಉರಿ ಶಮನವಾಗುತ್ತಿದ್ದುದು ನಿಜ. ಆದರೆ ಹಾಲು ಮೊದಲು ತಂಪೆನಿಸಿದರೂ, ಅದರಲ್ಲಿರುವ ಸಸಾರಜನಕವೂ ಸುಣ್ಣದಂಶವೂ ಸ್ವಲ್ಪ ಹೊತ್ತಿನ ಮೇಲೆ ಮತ್ತಷ್ಟು ಆಮ್ಲವನ್ನು ಹೊರಡಿಸುತ್ತವೆ. ಹಾಲನ್ನೂ ಸುಣ್ಣದ ಕ್ಷಾರವನ್ನೂ ಬಹುಕಾಲ ಬೆರೆಸಿ ಸೇವಿಸಿದ ಕೆಲವರ ರಕ್ತದಲ್ಲಿ ಕ್ಷಾರವೂ ಕ್ಯಾಲ್ಸಿಯಮ್ಮೂ ಮಿತಿಮೀರಿ ಮೂತ್ರಪಿಂಡಗಳು ಕೆಟ್ಟದ್ದೂ ಉಂಟು.

ಅಡಿಗೆ ಸೋಡದ ರಸಾಯನ ಶಾಲೆಯ ಹುಡುಗರಿಗೂ ಗೊತ್ತಿರುವಂತಹುದೇ. ಆಮ್ಲಕ್ಕೆ ಸೋಡ ಬೆರೆತರೆ ಉಪ್ಪೂ ನೀರೂ ಇಂಗಾಲದ ಡೈ ಆಕ್ಸೈಡ್ ಎಂಬ ಅನಿಲವೂ ಹುಟ್ಟುತ್ತವೆ. ಆ ಅನಿಲ ತೇಗಾಗಿ ಹೊರಬರುತ್ತದೆ. ತೇಗಿದವರಿಗೆ ರೋಗವೇ ಹೊರಟುಹೋದಷ್ಟು ಸಮಾಧಾನವಾಗುತ್ತದೆ. ಗೋಲಿಸೋಡ ಕುಡಿದಾಗಲೂ ತೇಗು ಬರುತ್ತದೆ; ಆದರೆ ಅದು ಅನಿಲವನ್ನು ತುಂಬಿದ ನೀರಷ್ಟೇ, ಆಮ್ಲವನ್ನು ತಗ್ಗಿಸುವ ಶಕ್ತಿ ಅದಕ್ಕಿಲ್ಲವೆಂದೇ ಹೇಳಬೇಕು. ಅಲ್ಯೂಮಿನಿಯಮ್ ಮತ್ತು ಮೆಗ್ನೀಷಿಯಮ್ ಇವುಗಳ ಹೈಡ್ರಾಕ್ಸೈಡುಗಳನ್ನು ಬೆರೆಸಿ ಮಾಡಿದ, ಅಂಗಡಿಗಳಲ್ಲಿ ಗುಲಾಬಿ ಬಣ್ಣದ ದ್ರವವಾಗಿ ದೊರೆಯುವ ಔಷಧ ಸೋಡಕ್ಕಿಂತ ಮೇಲು. ಮೊದಲನೆಯದು ಮಲವನ್ನು ಕಟ್ಟುತ್ತದೆ, ಎರಡನೆಯದು ಸಡಿಲಿಸುತ್ತದೆ. ಆದ್ದರಿಂದಲೇ ಎರಡನ್ನೂ ಬೆರೆಸುವುದು ವಾಡಿಕೆ. ಆದರೂ ಬರಿಹೊಟ್ಟೆಯಲ್ಲಿ ಕುಡಿದರೆ ಅದರ ಪ್ರಭಾವ ಒಂದು ಗಂಟೆಯೂ ನಿಲ್ಲುವುದಿಲ್ಲ. ಊಟವಾದ ಒಂದು ಗಂಟೆಯ ಮೇಲೆ ಕುಡಿದರೆ ಎರಡು ಮೂರು ಗಂಟೆ ನಿಲ್ಲಬಹುದು. 100 ಕೋಟಿ ಕಣಗಳು ಸತತವಾಗಿ ಸುರಿಸುವ ಆಮ್ಲವನ್ನು ಚಮಚದಿಂದ ಅಳೆದುಹಾಕಿದ ಕ್ಷಾರ ಎಷ್ಟು ಹೊತ್ತು ತಡೆದೀತು?

ಪುಡಿಗಳಿಂದಾಗದ ಕಾರ್ಯವನ್ನು ಶಸ್ತ್ರವೈದ್ಯರು ಕೈಗೆತ್ತಿಕೊಂಡರು. ಜಠರದ ಆಮ್ಲ ಹುಟ್ಟುವ ಭಾಗವನ್ನೇ ಕತ್ತರಿಸಿ ತೆಗೆಯುವುದು ಒಂದು ವಿಧಾನ. 1943ರಲ್ಲಿ ಷಿಕಾಗೋದ ಲೆಸ್ಟರ್ ಡ್ರಾಗ್‌ಸ್ಟೆಟ್‌ರು, ಆಮ್ಲವನ್ನು ಸ್ರವಿಸೆಂದು ಮೆದುಳಿನಿಂದ ಜಠರಕ್ಕೆ ಆಜ್ಞೆ ತರುವ ವೇಗಸ್ ಎಂಬ ನರವನ್ನು ಕತ್ತರಿಸುವ ವಿಧಾನವನ್ನು ಆರಂಭಿಸಿದರು. ಮೈಸೂರಿನಲ್ಲಿ ನಾವು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 1960ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿಯವರು ಇಂತಹ ರೋಗಿಗಳನ್ನು ವಿಶೇಷವಾಗಿ ಕಂಡರು. ಅವರ ಗಮನವನ್ನು ಸೆಳೆದುದು ಒಂದು ಭೂಗೋಳದ ಪ್ರಶ್ನೆ: ಅಕ್ಕಿಯನ್ನುಣ್ಣುವ ದಕ್ಷಿಣದಲ್ಲಿ ಕರುಳಿನ ಹುಣ್ಣು ಇಷ್ಟು ಹೆಚ್ಚಾಗಿಯೂ, ಗೋಧಿಯನ್ನುಣ್ಣುವ ಪಂಜಾಬಿನ ಕಡೆ ಕಡಿಮೆಯಾಗಿಯೂ ಇರಲು ಕಾರಣವೇನು? ಜನರ ಆಹಾರದಲ್ಲಿಯೇ ಜಠರದ ಗೋಡೆಯನ್ನು ಕಾಪಾಡುವ ಅಥವಾ ಕಾಪಾಡದೆ ಬಿಡುವ ಗುಣವಿರಬಹುದೆಂದು ಅವರು ವಾದಿಸಿದರು. ಈ ವಾದದ ಸಾಧಕಬಾಧಕಗಳೇನೇ ಇರಲಿ, ಹುಣ್ಣಿನ ವಿಚಾರದಲ್ಲಿ ಆಮ್ಲದಾಚೆಗೂ ದೃಷ್ಟಿಯನ್ನು ಚಾಚಿದವರೊಬ್ಬರು ನಮ್ಮ ಊರಿನಲ್ಲಿ ಕೆಲಸಮಾಡಿದರೆಂಬುದು ನೆನೆಯತಕ್ಕ ಸಂಗತಿ.

ಇನ್ನು ಆಮ್ಲವನ್ನು ಹುಟ್ಟಿದ ಮೇಲೆ ಶಮನಮಾಡುವುದಕ್ಕೆ ಬದಲಾಗಿ ಹುಟ್ಟದಂತೆಯೇ ತಡೆದ ಔಷಧಗಳ ವಿಷಯ. ಆಮ್ಲದ ಕಣಕ್ಕೆ ಪ್ರೇರಣೆ ಕೊಡುವ ದೂತರು ಮುಖ್ಯವಾಗಿ ಮೂವರು: ನರದ ತುದಿಯಿಂದ ಬರುವ ಅಸಿಟೈಲ್‌ಕೋಲೀನ್, ರಕ್ತದಲ್ಲಿ ಬರುವ ಗ್ಯಾಸ್ಟ್ರಿನ್, ಪಕ್ಕದ ಕಣಗಳಿಂದ ಬರುವ ಹಿಸ್ಟಮೀನ್. ಹಿಸ್ಟಮೀನನ್ನು ತಡೆಯುವ ಔಷಧಗಳು ಆಗಲೇ ನೆಗಡಿ, ತುರಿಕೆಗಳಿಗೆ ಬಳಕೆಯಲ್ಲಿದ್ದವು. ಆದರೆ ಅವು ಜಠರದ ಆಮ್ಲವನ್ನು ಕಿಂಚಿತ್ತೂ ತಗ್ಗಿಸುತ್ತಿರಲಿಲ್ಲ. ಸ್ಕಾಟ್ಲೆಂಡಿನವರಾದ ಜೇಮ್ಸ್ ಬ್ಲ್ಯಾಕ್ ಈ ಸೋಲಿನಲ್ಲಿಯೇ ಒಂದು ಸೂಚನೆಯನ್ನು ಕಂಡರು. ಹಿಸ್ಟಮೀನಿನ ಬೀಗದಕೈಗೆ ದೇಹದಲ್ಲಿ ಎರಡು ಬಗೆಯ ಬೀಗಗಳಿರಬೇಕು. ಜಠರದ ಬೀಗಕ್ಕೆ ಹೊಂದುವ ತಡೆ ಬೇರೆಯೇ ಆಗಿರಬೇಕೆಂದು ಊಹಿಸಿದರು. 1964ರಿಂದ ಅವರೂ ಅವರ ಸಂಗಡಿಗರೂ ನೂರಾರು ವಸ್ತುಗಳನ್ನು ತಯಾರಿಸಿ ಪರೀಕ್ಷಿಸಿದರು. ಮೊದಲನೆಯದು ಬಾಯಿಯ ಮೂಲಕ ಕೊಟ್ಟರೆ ಸಾಲದಾಯಿತು; ಎರಡನೆಯದು ಕೆಲವರ ರಕ್ತದ ಬಿಳಿಯ ಕಣಗಳನ್ನು ಕೆಡಿಸಿತು; ಮೂರನೆಯದಾದ ಸಿಮೆಟಿಡೀನ್ 1976ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದಿತು. 1988ರ ನೊಬೆಲ್ ಬಹುಮಾನದಲ್ಲಿ ಬ್ಲ್ಯಾಕ್‌ರಿಗೆ ಪಾಲು ದೊರಕಿತು. 1981ರಲ್ಲಿ ಬಂದ ರಾನಿಟಿಡೀನ್ ಇದೇ ಕುಲದ್ದು. ಒಂದು ಕಾಲಕ್ಕೆ ಪ್ರಪಂಚದಲ್ಲೆಲ್ಲಾ ಅತ್ಯಂತ ಹೆಚ್ಚಾಗಿ ಮಾರಾಟವಾಗುತ್ತಿದ್ದ ಔಷಧ ಅದೇ. ಅದರಲ್ಲಿ ಅರ್ಬುದಕಾರಿಯೆನ್ನಲಾದ ಒಂದು ಕಲ್ಮಷ ಕಂಡುಬಂದುದರಿಂದ 2020ರಲ್ಲಿ ಅಮೆರಿಕದ ಸರ್ಕಾರ ಅದನ್ನು ಮಾರುಕಟ್ಟೆಯಿಂದ ತೆಗೆಸಿತು.

ದೂತರಲ್ಲೊಬ್ಬನನ್ನು ತಡೆದರೆ ಉಳಿದಿಬ್ಬರು ಇದ್ದೇ ಇರುತ್ತಾರೆ. ಮೂವರ ಆಜ್ಞೆಯೂ ಕೊನೆಗೆ ಸೇರುವುದು ಒಂದೇ ಯಂತ್ರಕ್ಕೆ. ಆಮ್ಲದ ಕಣದ ಗೋಡೆಯಲ್ಲಿ ಹೈಡ್ರೋಜನ್ನಿನ ಅಯಾನುಗಳನ್ನು ಹೊರಕ್ಕೆ ತಳ್ಳಿ ಪೊಟ್ಯಾಸಿಯಮ್ಮಿನವನ್ನು ಒಳಕ್ಕೆ ಎಳೆಯುವ ಒಂದು ಪಂಪು ಇದೆ. ಸ್ವೀಡನ್ನಿನಲ್ಲಿ ರೂಪುಗೊಂಡು 1988ರಲ್ಲಿ ಬಳಕೆಗೆ ಬಂದ ಒಮೆಪ್ರಜೋಲ್ ಈ ಪಂಪನ್ನೇ ನಿಲ್ಲಿಸುತ್ತದೆ. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಮೊದಲಾದುವು ಅದರ ದಾಯಾದಿಗಳು. ಇದರ ರಸಾಯನ ಬಹು ಸ್ವಾರಸ್ಯವಾದುದು. ಈ ವಸ್ತು ರಕ್ತದಲ್ಲಿರುವಾಗ ನಿಷ್ಕ್ರಿಯ. ಆಮ್ಲವಿರುವ ಎಡೆಗೆ ಬಂದಾಗ ಮಾತ್ರ ರೂಪಾಂತರ ಹೊಂದಿ ಪಂಪಿಗೆ ಅಂಟಿಕೊಳ್ಳುತ್ತದೆ. ಅಂದರೆ ತಾನು ತಡೆಯಬೇಕಾದ ಆಮ್ಲವೇ ಅದಕ್ಕೆ ಶಕ್ತಿಯನ್ನು ಕೊಡುತ್ತದೆ. ನುಂಗಿದೊಡನೆ ಜಠರದ ಆಮ್ಲಕ್ಕೆ ಸಿಕ್ಕಿ ಕೆಡದಿರಲೆಂದು ಅದಕ್ಕೆ ಕರುಳಿನಲ್ಲಿ ಮಾತ್ರ ಕರಗುವ ಹೊದಿಕೆಯನ್ನು ಕೊಟ್ಟಿರುತ್ತಾರೆ. ಆದ್ದರಿಂದ ಅದನ್ನು ಅಗಿಯಬಾರದು, ಪುಡಿಮಾಡಬಾರದು. ಪಂಪು ಚಲಿಸುತ್ತಿರುವಾಗಲೇ ಔಷಧ ಅದಕ್ಕೆ ಅಂಟುವುದರಿಂದ, ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲೇ ನುಂಗಬೇಕು. ಔಷಧ ರಕ್ತದಿಂದ ಕೆಲವೇ ಗಂಟೆಗಳಲ್ಲಿ ಮರೆಯಾದರೂ, ಹೊಸ ಪಂಪುಗಳು ಹುಟ್ಟುವವರೆಗೆ ಅದರ ಪ್ರಭಾವ ಉಳಿಯುತ್ತದೆ. ಪೂರ್ಣ ಪ್ರಭಾವ ತೋರಲು ಮೂರು ನಾಲ್ಕು ದಿನಗಳು ಬೇಕು. ಉರಿ ಬಂದಾಗ ಒಂದನ್ನು ನುಂಗಿ ಹತ್ತು ನಿಮಿಷಗಳಲ್ಲಿ ಗುಣವನ್ನು ನಿರೀಕ್ಷಿಸುವವರು ಈ ಔಷಧದ ಸ್ವಭಾವವನ್ನು ಅರಿಯದವರು.

ಇಂತಹ ಔಷಧಗಳಿಂದ ಕರುಳಿನ ಹುಣ್ಣು ಸಾಮಾನ್ಯವಾಗಿ 4 ವಾರಗಳಲ್ಲಿಯೂ, ಜಠರದ ಹುಣ್ಣು 8 ವಾರಗಳಲ್ಲಿಯೂ ಮಾಯುತ್ತದೆ. ಶಸ್ತ್ರಚಿಕಿತ್ಸೆಯ ಅಗತ್ಯ ಬಹುವಾಗಿ ತಗ್ಗಿತು. ಇದು ಸಾಮಾನ್ಯವಾದ ವಿಜಯವಲ್ಲ. ಆದರೆ ವಿಜಯೋತ್ಸವದ ನಡುವೆಯೇ ಒಂದು ತೊಡಕು ಕಾಣಿಸಿಕೊಂಡಿತು. ಔಷಧವನ್ನು ನಿಲ್ಲಿಸಿದ ಒಂದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಣ್ಣು ಮರುಕಳಿಸುತ್ತಿತ್ತು. ಹಾಗಾದರೆ ಔಷಧವನ್ನು ನಿಲ್ಲಿಸಲೇಬಾರದು, ಜೀವಮಾನವೆಲ್ಲಾ ಪ್ರತಿ ರಾತ್ರಿಯೂ ನುಂಗುತ್ತಿರಬೇಕು ಎಂಬುದು ಆಗ ತೋರಿದ ಪರಿಹಾರ. ಮಾಯ್ದ ಹುಣ್ಣು ಏಕೆ ಮರಳುತ್ತದೆಂಬ ಪ್ರಶ್ನೆಗೆ, ಅದು ಅವರ ದೇಹಪ್ರಕೃತಿ, ಮನಸ್ಸಿನ ಚಿಂತೆ, ಖಾರದ ಊಟ ಎಂಬ ಉತ್ತರಗಳು ಸಿದ್ಧವಾಗಿದ್ದವು.

ಸರಿಯಾದ ಉತ್ತರ ಬಂದುದು ಆಸ್ಟ್ರೇಲಿಯದ ಪರ್ತ್ ನಗರದಿಂದ. ಅಲ್ಲಿನ ರೋಗನಿದಾನಶಾಸ್ತ್ರಜ್ಞ ರಾಬಿನ್ ವಾರೆನ್‌ರು 1979ರಲ್ಲಿ, ಬಾವು ಬಂದ ಜಠರದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರುವಾಗ ಸುರುಳಿಯಾಕಾರದ ಕ್ರಿಮಿಗಳನ್ನು ಕಂಡರು. ಅಷ್ಟು ತೀವ್ರವಾದ ಆಮ್ಲದಲ್ಲಿ ಯಾವ ಕ್ರಿಮಿಯೂ ಬದುಕಲಾರದೆಂಬುದು ಅಂದಿನ ದೃಢವಾದ ನಂಬಿಕೆ. ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರು ಅವರ ಜೊತೆಗೂಡಿದರು. ಆ ಕ್ರಿಮಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಪ್ರಯತ್ನಗಳು ಮೇಲಿಂದ ಮೇಲೆ ವಿಫಲವಾದುವು. 1982ರ ಈಸ್ಟರ್ ರಜೆಯ ಕಾರಣದಿಂದ ಬೆಳೆಯ ತಟ್ಟೆಗಳು ವಾಡಿಕೆಗಿಂತ ಹೆಚ್ಚು ದಿನ ಉಳಿದಾಗ ಕ್ರಿಮಿ ಬೆಳೆದು ತೋರಿತು. ಅದು ನಿಧಾನವಾಗಿ ಬೆಳೆಯುವ ಜಾತಿ. ಅದಕ್ಕೆ ಈಗ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಹೆಸರು. ಜನ ನಂಬದಿರಲು, 1984ರಲ್ಲಿ ಮಾರ್ಷಲ್‌ರು ತಾವೇ ಆ ಕ್ರಿಮಿಗಳ ದ್ರವವನ್ನು ಕುಡಿದರು. ಕೆಲವು ದಿನಗಳಲ್ಲಿ ವಾಕರಿಕೆ, ವಾಂತಿಗಳುಂಟಾದುವು. ಪರೀಕ್ಷಿಸಿದಾಗ ಜಠರದ ಒಳಮೈ ಬಾವೇರಿತ್ತು. ಅವರಿಗೆ ಹುಣ್ಣೇ ಆಯಿತೆಂದು ಹೇಳುವುದುಂಟು, ಅದು ಸರಿಯಲ್ಲ. ಆದುದು ಬಾವು ಮಾತ್ರ. ಹುಣ್ಣಿನ ಸಂಬಂಧ ಸಿದ್ಧವಾದುದು ರೋಗಿಗಳ ಮೇಲೆ ನಡೆಸಿ 1988ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಿಂದ. ಹುಣ್ಣು ಮಾಯ್ದ ಮೇಲೆ, ಕ್ರಿಮಿ ಉಳಿದುಕೊಂಡವರಲ್ಲಿ ನೂರಕ್ಕೆ 84 ಮಂದಿಗೆ ಒಂದು ವರ್ಷದೊಳಗೆ ಹುಣ್ಣು ಮರಳಿತು. ಕ್ರಿಮಿ ನಾಶವಾದವರಲ್ಲಿ ನೂರಕ್ಕೆ 21 ಮಂದಿಗೆ ಮಾತ್ರ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಸಂದಿತು.

ಈ ಕ್ರಿಮಿ ಆಮ್ಲದಲ್ಲಿ ಬದುಕುವ ಬಗೆ ಹೇಗೆ? ಅದು ಯೂರಿಯವನ್ನು ಒಡೆದು ಅಮೋನಿಯ ಎಂಬ ಕ್ಷಾರವನ್ನು ಮಾಡಿಕೊಂಡು, ತನ್ನ ಸುತ್ತಲಿನ ಆಮ್ಲವನ್ನು ಶಮನಮಾಡಿಕೊಳ್ಳುತ್ತದೆ. ನಾವು ಸೋಡದ ಪುಡಿಯನ್ನು ಹುಡುಕುವುದಕ್ಕೆ ಎಷ್ಟೋ ಮುಂಚೆಯೇ ಹುಣ್ಣಿನ ಕ್ರಿಮಿ ತನ್ನ ಆಮ್ಲಶಾಮಕವನ್ನು ತಾನೇ ತಯಾರಿಸಿಕೊಂಡಿತ್ತು! ಲೋಳೆಯ ಮರೆಯಲ್ಲಿ ಅಡಗಿದ್ದು ಅದು ಒಲೆಯ ಗೋಡೆಯನ್ನು ಸಡಿಲಿಸುತ್ತದೆ. ನಮ್ಮ ದೇಶದಲ್ಲಿ ವಯಸ್ಕರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಈ ಕ್ರಿಮಿ ಇದೆ. ಸಾಮಾನ್ಯವಾಗಿ ಬಾಲ್ಯದಲ್ಲಿಯೇ ಅದು ಸೇರುತ್ತದೆ. ಅವರೆಲ್ಲರಿಗೂ ಹುಣ್ಣಾಗುವುದಿಲ್ಲ. ಆದಕಾರಣ ಟೋವಿಯವರು ಕೇಳಿದಂತಹ ಪ್ರಶ್ನೆಗಳು ಇಂದಿಗೂ ನಿರರ್ಥಕವಾಗಿಲ್ಲ. ಆದರೆ ಹುಣ್ಣಾದವನಲ್ಲಿ ಈ ಕ್ರಿಮಿಯಿದ್ದರೆ ಅದನ್ನು ನಿರ್ಮೂಲ ಮಾಡತಕ್ಕದ್ದೆಂಬುದರಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ. ಬಹುಕಾಲ ಉಳಿದರೆ ಕೆಲವರಲ್ಲಿ ಅದು ಜಠರದ ಕ್ಯಾನ್ಸರಿಗೂ ಕಾರಣವಾಗುತ್ತದೆಂದು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ತೀರ್ಮಾನಿಸಿತು.

ಹುಣ್ಣಿಗೆ ಎರಡನೆಯ ದೊಡ್ಡ ಕಾರಣ ನಮ್ಮ ಮನೆಯ ಔಷಧದ ಡಬ್ಬಿಯಲ್ಲಿಯೇ ಇದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫಿನಾಕ್ ಮೊದಲಾದ ನೋವಿನ ಮಾತ್ರೆಗಳು ಪ್ರಾಸ್ಟಗ್ಲಾಂಡಿನ್ ಎಂಬ ವಸ್ತುವಿನ ಉತ್ಪತ್ತಿಯನ್ನು ತಡೆಯುತ್ತವೆ; ಆಸ್ಪಿರಿನ್ ಜಾತಿಯ ಔಷಧಗಳ ಈ ಗುಣವನ್ನು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿದರು. ಮೊಣಕಾಲಿನಲ್ಲಿ ನೋವನ್ನುಂಟುಮಾಡುವ ಆ ವಸ್ತುವೇ ಜಠರದಲ್ಲಿ ಲೋಳೆಯನ್ನೂ ಕ್ಷಾರವನ್ನೂ ಒಸರಿಸುತ್ತದೆ. ಮೊಣಕಾಲಿಗೆ ಉಪಕಾರ ಮಾಡಲು ಹೋದ ಮಾತ್ರೆ ಹೀಗೆ ಒಲೆಯ ಗೋಡೆಯನ್ನು ತೆಳುಮಾಡುತ್ತದೆ. ಊಟವಾದ ಮೇಲೆ ನುಂಗಿದರೆ, ಇಲ್ಲವೇ ಸೂಜಿಯ ಮೂಲಕ ಹಾಕಿಸಿಕೊಂಡರೆ ಅಪಾಯವಿಲ್ಲವೆಂದು ಬಹುಮಂದಿ ನಂಬಿದ್ದಾರೆ. ಔಷಧ ತನ್ನ ಕೆಲಸವನ್ನು ಹೆಚ್ಚಾಗಿ ರಕ್ತದ ಮೂಲಕವೇ ನಡೆಸುವುದರಿಂದ ಆ ನಂಬಿಕೆಗೆ ಆಧಾರವಿಲ್ಲ. ಆದರೆ ಹೃದಯರೋಗಕ್ಕಾಗಿ ವೈದ್ಯರು ಆಸ್ಪಿರಿನ್ನನ್ನು ಕೊಟ್ಟಿದ್ದರೆ ಅದನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ಅಪಾಯಕರ. ಅಂತಹವರಿಗೆ ಅಗತ್ಯ ಕಂಡಲ್ಲಿ ವೈದ್ಯರು ಆಮ್ಲವನ್ನು ತಡೆಯುವ ಔಷಧವನ್ನು ಜೊತೆಗೆ ಕೊಡುತ್ತಾರೆ.

ಹಾಗಾದರೆ ಆಮ್ಲವನ್ನು ತಗ್ಗಿಸುವ ಔಷಧಗಳಿಗೆ ಇಂದು ಬೆಲೆಯಿಲ್ಲವೇ? ಖಂಡಿತವಾಗಿ ಇದೆ. ಮೊದಲನೆಯದಾಗಿ, ಕ್ರಿಮಿನಾಶಕ್ಕೆ ಕೊಡುವ ಎರಡು ಮೂರು ಔಷಧಗಳ ಜೊತೆಯಲ್ಲಿ ಸಾಮಾನ್ಯವಾಗಿ 14 ದಿನಗಳ ಕಾಲ ಪಂಪನ್ನು ತಡೆಯುವ ಔಷಧವನ್ನೂ ಕೊಡಬೇಕಾಗುತ್ತದೆ. ಆಮ್ಲ ತಗ್ಗಿದಾಗಲೇ ಕ್ರಿಮಿನಾಶಕಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಎರಡನೆಯದಾಗಿ, ಹುಣ್ಣಿನಿಂದ ರಕ್ತ ಸೋರುತ್ತಿರುವಾಗ ಈ ಔಷಧ ಪ್ರಾಣರಕ್ಷಕ. ಆಮ್ಲದಲ್ಲಿ ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಲಾರವು. ಹೆಪ್ಪುಗಟ್ಟಿದ ರಕ್ತವನ್ನೂ ಪೆಪ್ಸಿನ್ ಕರಗಿಸಿಬಿಡುತ್ತದೆ. ಎಂಡಾಸ್ಕೋಪಿನ ಮೂಲಕ ರಕ್ತನಾಳವನ್ನು ಮುಚ್ಚಿದ ಮೇಲೆ ಆಮ್ಲವನ್ನು ಪೂರ್ಣವಾಗಿ ತಡೆದರೆ ಆ ಹೆಪ್ಪು ನಿಲ್ಲುತ್ತದೆ. ಮೂರನೆಯದಾಗಿ, ಹುಣ್ಣು ಮಾಯುವ ಕೆಲವು ವಾರಗಳ ಕಾಲ ಗಾಯಕ್ಕೆ ಅದು ವಿಶ್ರಾಂತಿಯನ್ನು ಕೊಡುತ್ತದೆ. ಹೀಗೆ ಅದು ಬಹು ಸಮರ್ಥವಾದ ಸಹಾಯಕ. ಆದರೆ ಸಹಾಯಕನ ಕೈಯಲ್ಲಿ ಯಜಮಾನಿಕೆಯನ್ನು ಕೊಟ್ಟು ಕೂಡುವುದು ಸಲ್ಲದು.

ಸಲ್ಲದೆನ್ನುವುದಕ್ಕೆ ಕಾರಣಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಈ ಮಾತ್ರೆಯನ್ನು ನುಂಗುತ್ತಿರುವಾಗ ಕ್ರಿಮಿಯ ಪರೀಕ್ಷೆ ಮಾಡಿಸಿದರೆ, ಕ್ರಿಮಿಯಿದ್ದರೂ ಇಲ್ಲವೆಂಬ ಉತ್ತರ ಬರಬಹುದು. ಆದ್ದರಿಂದಲೇ ಉಸಿರಿನ ಪರೀಕ್ಷೆಗೆ ಮುಂಚೆ ಎರಡು ವಾರಗಳ ಕಾಲ ಅದನ್ನು ನಿಲ್ಲಿಸಲು ಹೇಳುತ್ತಾರೆ. ಜಠರದ ಕ್ಯಾನ್ಸರಿನಿಂದಾದ ಹುಣ್ಣಿನ ನೋವೂ ಈ ಮಾತ್ರೆಯಿಂದ ಕೆಲಕಾಲ ತಗ್ಗುತ್ತದೆ. ರೋಗಿ ಸಮಾಧಾನದಿಂದಿರುವಾಗ ರೋಗ ಬೆಳೆಯುತ್ತದೆ. ತಿಂಗಳುಗಟ್ಟಲೆ ನುಂಗಿದವರು ಥಟ್ಟನೆ ನಿಲ್ಲಿಸಿದರೆ ಆಮ್ಲ ಮೊದಲಿಗಿಂತಲೂ ಹೆಚ್ಚಾಗಿ ಉಕ್ಕುವುದುಂಟು. ಅದನ್ನೇ ರೋಗವೆಂದು ಭಾವಿಸಿ ಮತ್ತೆ ನುಂಗತೊಡಗುತ್ತಾರೆ. ವರ್ಷಗಟ್ಟಲೆ ಸೇವಿಸಿದ ಕೆಲವರಲ್ಲಿ ಬಿ12 ಜೀವಸತ್ವವೂ ಮೆಗ್ನೀಷಿಯಮ್ಮೂ ಕಡಿಮೆಯಾಗುತ್ತವೆ. ಆಹಾರದೊಡನೆ ಬರುವ ರೋಗಕ್ರಿಮಿಗಳಿಗೆ ಆಮ್ಲವೊಂದು ಕಾವಲು. ಕಾವಲನ್ನು ತೆಗೆದರೆ ಕರುಳಿನ ಸೋಂಕುಗಳಿಗೆ ದಾರಿಯಾಗುತ್ತದೆ. ಇವು ಹೆದರಿ ಓಡಬೇಕಾದ ಅಪಾಯಗಳಲ್ಲ. ಅಗತ್ಯವಿರುವವರು ವೈದ್ಯರ ನೋಟದಲ್ಲಿ ಬಹುಕಾಲ ಸೇವಿಸಲೂಬಹುದು. ಅಗತ್ಯವೇನೆಂಬುದನ್ನು ಯಾರೂ ವಿಚಾರಿಸದೆ ಸೇವಿಸುವುದೇ ದೋಷ.

“ಗ್ಯಾಸ್ಟ್ರಿಕ್” ಎಂಬ ಒಂದೇ ಮಾತಿನಲ್ಲಿ ನಾವು ಎದೆಯುರಿಯನ್ನೂ, ಹೊಟ್ಟೆಯುಬ್ಬರವನ್ನೂ, ಹುಣ್ಣನ್ನೂ, ಕೆಲವು ವೇಳೆ ಹೃದಯದ ನೋವನ್ನೂ ಕೂಡಿಸಿ ಹೇಳುತ್ತೇವೆ. ಹೆಸರು ಒಂದಾದ ಮಾತ್ರಕ್ಕೆ ರೋಗ ಒಂದಾಗುವುದಿಲ್ಲ. ಎರಡು ವಾರಗಳಿಗೂ ಮೀರಿ ನೋವು ಮರಳಿ ಮರಳಿ ಬಂದರೆ ಅದರ ಕಾರಣವನ್ನು ಪರೀಕ್ಷೆಯಿಂದ ತಿಳಿಯಬೇಕು. ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ, ಕಾಫಿಯ ಗಸಿಯಂತಹ ವಾಂತಿಯಾದರೆ, ಹೊಟ್ಟೆಯಲ್ಲಿ ಇರಿದಂತೆ ತಟಕ್ಕನೆ ನೋವುಂಟಾದರೆ, ಎದೆಯ ನೋವಿನೊಡನೆ ಬೆವರೂ ಏದುಸಿರೂ ಬಂದರೆ, ಅಂಗಡಿಯ ಮಾತ್ರೆಗೆ ಕೈಚಾಚದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೋಗಬೇಕು. ಕಾರಣವಿಲ್ಲದೆ ಮೈ ಇಳಿದರೆ, ನುಂಗುವುದು ಕಷ್ಟವಾದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕ್ರಿಮಿಯಿದೆಯೆಂದು ಕಂಡು ಔಷಧ ಕೊಟ್ಟರೆ, ಉರಿ ಮೂರು ದಿನಗಳಲ್ಲಿ ನಿಂತಿತೆಂದು ನಡುವೆ ಬಿಡದೆ ಪೂರ್ತಿಯಾಗಿ ಸೇವಿಸಬೇಕು. ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿಗಳು ಆ ಔಷಧಕ್ಕೆ ಜಗ್ಗದಂತಾಗುತ್ತವೆ. ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್ ಎಂಬ ಕ್ರಿಮಿನಾಶಕಕ್ಕೆ ಬಹುಪಾಲು ಕ್ರಿಮಿಗಳು ಆಗಲೇ ಹಾಗಾಗಿವೆ. ಔಷಧ ಮುಗಿದ ಒಂದು ತಿಂಗಳ ತರುವಾಯ, ಕ್ರಿಮಿ ಹೋಯಿತೇ ಇಲ್ಲವೇ ಎಂದು ಮತ್ತೊಮ್ಮೆ ಪರೀಕ್ಷಿಸಿಕೊಳ್ಳುವುದು ಯುಕ್ತ.

ಆಮ್ಲ ನಮ್ಮ ಶತ್ರುವಲ್ಲ. ನಾವು ಉಂಡುದನ್ನು ಅರಗಿಸಲೂ, ಉಣಿಸಿನೊಡನೆ ಬಂದ ಕ್ರಿಮಿಯನ್ನು ಕೊಲ್ಲಲೂ ಅದು ಬೇಕು. ಅದನ್ನು ಕೆಲಕಾಲ ತಗ್ಗಿಸಬೇಕಾದ ಸಂದರ್ಭಗಳಲ್ಲಿ ತಗ್ಗಿಸಲು ಇಂದು ನಮ್ಮಲ್ಲಿ ಶಕ್ತಿಯುತವಾದ ಸಾಧನಗಳಿವೆ. ಹಿಂದಿನ ತಲೆಮಾರಿನವರಿಗೆ ಈ ಭಾಗ್ಯವಿರಲಿಲ್ಲ. ಉರಿ ಆರಿತೇ ಎಂಬ ಪ್ರಶ್ನೆಗೆ ರೋಗಿಯೇ ಉತ್ತರ ಹೇಳಬಲ್ಲನು. ಉರಿ ಏಕೆ ಹತ್ತಿತೆಂಬ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ವೈದ್ಯರ ಬಳಿಗೆ ಹೋಗಿ, ಒಂದು ದಿನದ ಅನನುಕೂಲವನ್ನು ಸಹಿಸಿ, ಪರೀಕ್ಷೆ ಮಾಡಿಸಿಕೊಳ್ಳಬೇಕು. ಮನೆಯಲ್ಲಿ ಯಾರಾದರೂ ತಿಂಗಳುಗಳಿಂದ ಪ್ರತಿದಿನವೂ ಈ ಮಾತ್ರೆಯನ್ನು ನುಂಗುತ್ತಿದ್ದರೆ, ಏತಕ್ಕಾಗಿ ನುಂಗುತ್ತಿದ್ದೀರಿ, ಯಾರು ಹೇಳಿದರು, ಎಷ್ಟು ದಿನಕ್ಕೆಂದು ಹೇಳಿದರು ಎಂಬ ಈ ಮೂರು ಮಾತುಗಳನ್ನು ತಾವು ಇಂದು ಅವರಲ್ಲಿ ಕೇಳಬೇಕೆಂದು ವಿಜ್ಞಾಪಿಸಿಕೊಂಡು, ನನ್ನ ಈ ಭಾಷಣವನ್ನು ಮುಗಿಸುತ್ತೇನೆ.